ಕೆಂಚನ ಟ್ರೇ

ಬೆಕ್ಕಿನ ಲಿಟರ್ ಟ್ರೇ ನೋಡಿಕೊಳ್ಳುವ ಕೆಲಸ ನನಗೆ ಬಹಳ ಇಷ್ಟ. ಬೆಳಗ್ಗೆ ಕಾಫಿಗೆ ಮುಂಚೆ ಹಿಂದಿನ ಪ್ಯಾಸೇಜಿಗೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ತೂತಿನ ಸೌಟು ಹಿಡಿದು ಈ ಮೂಲೆಯಿಂದ ಆ ಮೂಲೆಗೆ ಸೋಸುತ್ತಾ ಹೋಗುತ್ತೇನೆ. ಪುಡಿ ಜಾರಿಹೋಗಿ ಗಟ್ಟಿ ಉಂಡೆಗಳು ಮಾತ್ರ ಸೌಟಿನಲ್ಲಿ ಉಳಿಯುತ್ತವೆ. ಉಂಡೆ ಎಷ್ಟು, ಎಷ್ಟು ದಪ್ಪ, ಯಾವ ಮೂಲೆಯಲ್ಲಿ, ಮುಚ್ಚಿದ್ದಾನೋ ಹಾಗೇ ಬಿಟ್ಟು ಓಡಿದ್ದಾನೋ, ಇಷ್ಟು ನೋಡಿಕೊಂಡರೆ ಕೆಂಚನ ರಾತ್ರಿ ಹೇಗಿತ್ತು ಅನ್ನೋದು ತಿಳಿದುಹೋಗುತ್ತದೆ. ನೀರು ಸಾಕಷ್ಟು ಕುಡಿದನೆ, ಹೊಟ್ಟೆ ಸರಿಯಿದೆಯೆ, ಯಾವುದಕ್ಕಾದರೂ ಹೆದರಿದ್ದನೆ ಎಲ್ಲವೂ ಅಲ್ಲಿರುತ್ತದೆ. ಬೆಕ್ಕು ಸಾಕಿದವರು ಅದರ ಕಣ್ಣು, ಬಾಲ, ಗುರುಗುರು ಸದ್ದಿನ ಬಗ್ಗೆ ಬೇಕಾದಷ್ಟು ಹೇಳುತ್ತಾರೆ. ಟ್ರೇ ವಿಷಯ ಬಂದಾಗ ಮಾತ್ರ ಮೂಗು ಮುಚ್ಚಿಕೊಳ್ಳುತ್ತಾರೆ. ಬೆಕ್ಕನ್ನು ಅರಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗಂತೂ ಸಿಕ್ಕಿಲ್ಲ.

ಕೆಂಚ ಹುಟ್ಟಿದ್ದು ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯ ಒಂದು ತರಕಾರಿ ಸಸಿ ನರ್ಸರಿಯಲ್ಲಿ. ನಮ್ಮ ಕಡೆ ಇಂಥ ನರ್ಸರಿಗಳು ಹೆಜ್ಜೆಗೊಂದು. ಹಸಿರು ಬಲೆಯ ಚಪ್ಪರದ ಕೆಳಗೆ 98 ಗುಳಿಗಳ ಕಪ್ಪು ಪ್ರೋಟ್ರೇಗಳು ಸಾಲುಸಾಲಾಗಿ ಹರಡಿಕೊಂಡಿರುತ್ತವೆ. ಟೊಮೇಟೊ, ಎಲೆಕೋಸು, ದಪ್ಪ ಮೆಣಸಿನಕಾಯಿ ಸಸಿಗಳು ಅಲ್ಲಿ ಮೂರು ನಾಲ್ಕು ವಾರ ಬೆಳೆದು ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರಿನ ಹೊಲಗಳಿಗೆ ಹೋಗುತ್ತವೆ. ಆ ಗುಳಿಗಳಿಗೆ ತುಂಬುವುದು ಮಣ್ಣಲ್ಲ, ತೆಂಗಿನ ನಾರಿನ ಪುಡಿ. ಎಲ್ಲರೂ ಕೋಕೋಪೀಟ್ ಅನ್ನುತ್ತಾರೆ. ಐದು ಕಿಲೋದ ಒತ್ತಿದ ಇಟ್ಟಿಗೆಯಾಗಿ ಬರುತ್ತದೆ, ನೀರು ಹಾಕಿದರೆ ಉಬ್ಬಿ ದೊಡ್ಡ ರಾಶಿಯಾಗುತ್ತದೆ. ಅಂಥ ರಾಶಿಯೊಂದರ ಹಿಂದೆ ತಾಯಿ ಬೆಕ್ಕು ಮರಿ ಹಾಕಿತ್ತು. ನರ್ಸರಿಯ ಗೆಳತಿ ಎರಡು ತಿಂಗಳ ಕೆಂಚು ಮರಿಯೊಂದನ್ನು ಹಣ್ಣಿನ ಬುಟ್ಟಿಯಲ್ಲಿಟ್ಟು ತಂದುಕೊಟ್ಟಳು.

ಮರಿ ಚೂಟಿಯಾಗಿತ್ತು, ಹಸಿವು ಚೆನ್ನಾಗಿತ್ತು, ಮನುಷ್ಯರ ಭಯವೇ ಇರಲಿಲ್ಲ. ಟ್ರೇಯೊಂದೇ ಬೇಡ. ಅಂಗಡಿಯಿಂದ ತಂದ ಒಳ್ಳೆಯ ಬಿಳಿ ಹರಳಿನ ಲಿಟರ್ ಮೇಲೆ ಬಿಟ್ಟರೆ ಒಂದು ಕಾಲು ಇಟ್ಟು, ಮೇಲೆತ್ತಿ, ಒದರಿ, ಹೊರಗೆ ಹಾರುತ್ತಿತ್ತು. ಆಮೇಲೆ ನೋಡಿದರೆ ಬಾಲ್ಕನಿಯ ಗುಲಾಬಿ ಕುಂಡದಲ್ಲಿ ಒಂದು ಗುಳಿ, ಪಕ್ಕದ ತುಳಸಿ ಕುಂಡದಲ್ಲಿ ಇನ್ನೊಂದು. ರಾತ್ರಿ ಬಾಲ್ಕನಿ ಬಾಗಿಲು ಹಾಕಿದ್ದರೆ ರಾಗಿ ಮೂಟೆಯ ಮೇಲೆ ಹೊದಿಸಿದ ಗೋಣಿಚೀಲ. ಅಮ್ಮನಿಗೆ ತುಳಸಿ ಕುಂಡದ್ದು ತಡೆಯಲಾಗಲಿಲ್ಲ. "ಇದಕ್ಕೆ ಬುದ್ಧಿ ಕಲಿಸು, ಇಲ್ಲಾಂದ್ರೆ ವಾಪಸ್ ಬಿಟ್ಟು ಬಾ" ಅಂದರು.

ಬೆಕ್ಕಿಗೆ ಈ ವಿಷಯದಲ್ಲಿ ಬುದ್ಧಿ ಕಲಿಸಬೇಕಾಗಿಯೇ ಇಲ್ಲ. ಮೊದಲ ಎರಡು ಮೂರು ವಾರ ತಾಯಿ ನೆಕ್ಕಿದರೇ ಮರಿಗೆ ಉಚ್ಚೆ, ಕಕ್ಕ ಬರುವುದು. ಅದನ್ನೂ ತಾಯಿಯೇ ನೆಕ್ಕಿ ಚೊಕ್ಕಟ ಮಾಡುತ್ತದೆ. ನಾಲ್ಕನೆಯ ವಾರದ ಹೊತ್ತಿಗೆ ಮರಿ ತಾನಾಗಿಯೇ ಕಾಲಿಗೆ ಸಿಕ್ಕ ಸಡಿಲ ಪುಡಿಯನ್ನು ಕೆರೆಯಲು ತೊಡಗುತ್ತದೆ. ಕೆರೆಯುವುದು ರಕ್ತದಲ್ಲೇ ಬಂದದ್ದು. ಏನನ್ನು ಕೆರೆಯಬೇಕು ಅನ್ನುವುದು ಮಾತ್ರ ಆ ವಾರಗಳಲ್ಲಿ ಪಂಜದ ಕೆಳಗೆ ಏನಿತ್ತು ಅನ್ನುವುದರ ಮೇಲೆ ನಿಲ್ಲುತ್ತದೆ. ಕೆಂಚನ ಪಂಜದ ಕೆಳಗೆ ಇದ್ದದ್ದು ಒದ್ದೆ ನಾರಿನ ಪುಡಿ. ಗುಲಾಬಿ ಕುಂಡಕ್ಕೆ ನಾನು ಹಾಕಿದ್ದೂ ಅದೇ, ಕೆಮ್ಮಣ್ಣಿನ ಜೊತೆಗೆ ಕಲಸಿ. ಗೋಣಿಯೂ ನಾರೇ. ಅವನು ಎಲ್ಲೂ ತಪ್ಪು ಜಾಗಕ್ಕೆ ಹೋಗಿರಲಿಲ್ಲ. ತನಗೆ ಗೊತ್ತಿದ್ದ ಕಕ್ಕಸನ್ನೇ ಮನೆಯೆಲ್ಲ ಹುಡುಕಿಕೊಂಡು ಹೋಗಿದ್ದ. ಇದು ಹೊಳೆದಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಆ ಪುಟ್ಟ ತಲೆಯೊಳಗೆ ಎಷ್ಟು ನೇರವಾದ ತರ್ಕ.

ಗೆಳತಿಯ ನರ್ಸರಿಯಿಂದಲೇ ಒಂದು ಚೀಲ ತೊಳೆದ ಕೋಕೋಪೀಟ್ ತಂದು, ನೆರಳಲ್ಲಿ ಹರಡಿ, ಹಿಡಿಯಲ್ಲಿ ಹಿಂಡಿದರೆ ನೀರು ಬಾರದಷ್ಟು ಆರಿಸಿದೆ. ಟ್ರೇಯಲ್ಲಿ ಎರಡು ಅಂಗುಲ ಹಾಸಿ, ಕುಂಡಗಳ ಮೇಲೆ ದಪ್ಪ ಜಲ್ಲಿಕಲ್ಲು ಹೊದಿಸಿದೆ. ಕೆಂಚ ಬಂದ, ಮೂಸಿದ, ಒಳಗಿಳಿದ. ಮುಂಗಾಲಿನಿಂದ ಮೂರು ನಾಲ್ಕು ಸಲ ಹಿಂದಕ್ಕೆ ಎಳೆದು ಗುಳಿ ತೋಡಿ, ಒಮ್ಮೆ ಸುತ್ತು ತಿರುಗಿ, ಬಾಲವನ್ನು ನೆಟ್ಟಗೆ ಹಿಂದಕ್ಕೆ ಚಾಚಿ ಕೂತ. ಕಣ್ಣು ಅರ್ಧ ಮುಚ್ಚಿತ್ತು, ಕಿವಿಗಳು ಪಕ್ಕಕ್ಕೆ ಇಳಿದಿದ್ದವು. ಮುಗಿದ ಮೇಲೆ ತಿರುಗಿ ಮೂಸಿ ನೋಡಿ, ಒಂದೊಂದೇ ಪಂಜದಿಂದ ಪುಡಿ ಎಳೆದು ಮುಚ್ಚಿ, ಮತ್ತೆ ಮೂಸಿ, ಸಾಲದೆಂದು ಇನ್ನೊಂದಿಷ್ಟು ಎಳೆದ. ಆಮೇಲೆ ಯಾರೋ ಅಟ್ಟಿಸಿಕೊಂಡು ಬಂದವರಂತೆ ಹಾಲ್ ತುಂಬಾ ಓಡಿದ. ಟ್ರೇಯಿಂದ ಎದ್ದ ಕೂಡಲೇ ಹೀಗೆ ಓಡುವುದು ಆರೋಗ್ಯವಾಗಿರುವ ಎಷ್ಟೋ ಬೆಕ್ಕುಗಳಿಗೆ ಅಭ್ಯಾಸ. ನೋಡಲು ನನಗೆ ಇವತ್ತಿಗೂ ಬೇಸರವಿಲ್ಲ.

ಕೋಕೋಪೀಟ್ ಅನ್ನೇ ಇಟ್ಟುಕೊಳ್ಳಬಹುದಿತ್ತು. ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ಅಗ್ಗ, ನಮ್ಮ ಜಿಲ್ಲೆಯ ತೆಂಗಿನ ತೋಟಗಳ ಸರಕು. ಆದರೆ ಉಂಡೆ ಕಟ್ಟುವುದಿಲ್ಲ. ಉಚ್ಚೆ ಎಲ್ಲಿತ್ತು, ಎಷ್ಟಿತ್ತು ಗೊತ್ತಾಗುವುದಿಲ್ಲ. ಒದ್ದೆ ಪುಡಿ ಪಂಜಕ್ಕೆ ಅಂಟಿ ಮನೆಯೆಲ್ಲ ಕಂದು ಹೆಜ್ಜೆ. ಅದಕ್ಕೇ ಮರಿ ಸ್ವಲ್ಪ ದೊಡ್ಡದಾಗಿ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು ದಾಟಿದ ಮೇಲೆ, ಉಂಡೆ ಕಟ್ಟುವ ಜೇಡಿಮಣ್ಣಿನ ಲಿಟರನ್ನು ಮೊದಲು ಒಂದು ಹಿಡಿ, ಆಮೇಲೆ ಕಾಲು ಭಾಗ, ಆಮೇಲೆ ಅರ್ಧ ಎಂದು ಬೆರೆಸುತ್ತಾ ಹೋದೆ. ಅವನು ಟ್ರೇ ಅಂಚಿನ ಮೇಲೆ ನಿಂತು ಅನುಮಾನಿಸಿದರೆ ಎರಡು ದಿನ ಹಿಂದಕ್ಕೆ ಹೋಗುವುದು, ಸಲೀಸಾಗಿ ಇಳಿದರೆ ಮುಂದಕ್ಕೆ. ನಿಜವಾದ ರುಚಿ ಇರುವುದು ಇಲ್ಲೇ. ಹುಳಿಗೆ ಉಪ್ಪು ನೋಡುವ ಹಾಗೆ ದಿನಾ ಒಂದಿಷ್ಟು ಹಾಕಿ, ಅವನ ಮುಖ ನೋಡಿ, ನಾಳೆಗೆ ಎಷ್ಟೆಂದು ತೀರ್ಮಾನಿಸುವುದು. ಬೆಕ್ಕಿನ ಒಪ್ಪಿಗೆ ಪಡೆದು ಮಾಡುವ ಕೆಲಸದಲ್ಲಿ ಅವಸರಕ್ಕೆ ಜಾಗವೇ ಇಲ್ಲ.

ಹೊಸೂರು ಸೀಮೆಯ ಹಳೆಯ ಮನೆಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ರಾಗಿ ಕಣದಲ್ಲಿ, ವಾಡೆ ಗುಡಾಣಗಳ ನಡುವೆ ಇಲಿ ಕಾಯುವುದಕ್ಕೆ ಬೆಕ್ಕು ಬೇಕಿತ್ತು. ಹಿತ್ತಿಲು ಇತ್ತು, ತಿಪ್ಪೆ ಇತ್ತು, ಒಲೆಯ ಬೂದಿ ಗುಡ್ಡೆ ಇತ್ತು. ಅಮ್ಮನ ತವರಿನ ಬೆಕ್ಕು ಬೂದಿ ಗುಡ್ಡೆ ಬಿಟ್ಟು ಬೇರೆಲ್ಲೂ ಹೋಗುತ್ತಿರಲಿಲ್ಲವಂತೆ. ಆಮೇಲೆ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಊರಿನ ಸುತ್ತ ಲೇಔಟುಗಳೆದ್ದವು, ಎರಡನೆಯ ಮಹಡಿಯ ಮನೆಗೆ ಹಿತ್ತಿಲೆಲ್ಲಿಂದ ಬರಬೇಕು? ಅಮೆರಿಕದಲ್ಲೂ ಬೆಕ್ಕುಗಳು ಬಹುಕಾಲ ಬೂದಿ, ಮರಳಿನಲ್ಲೇ ಇದ್ದವು. 1947ರ ಚಳಿಗಾಲದಲ್ಲಿ ಮಿಶಿಗನ್ನಿನ ಕಸ್ಸೋಪೊಲಿಸ್ ಎಂಬ ಸಣ್ಣ ಊರಿನ ಎಡ್ವರ್ಡ್ ಲೋ ಅನ್ನುವವನ ಹತ್ತಿರ ನೆರೆಯ ಹೆಂಗಸೊಬ್ಬಳು ಬೆಕ್ಕಿನ ಡಬ್ಬಕ್ಕೆ ಮರಳು ಕೇಳಿಕೊಂಡು ಬಂದಳು. ಅವನು ಮರಳಿನ ಬದಲು ಕಾರ್ಖಾನೆಯ ನೆಲದ ಎಣ್ಣೆ ಹೀರಲು ಮಾರುತ್ತಿದ್ದ ಮಣ್ಣಿನ ಹರಳು ಕೊಟ್ಟ. ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದೇ ಅದು. ಹೆಂಗಸು ಮತ್ತೆ ಮತ್ತೆ ಬಂದಳು, ಅವನು ಚೀಲಗಳ ಮೇಲೆ ಕಿಟ್ಟಿ ಲಿಟರ್ ಎಂದು ಬರೆದು ಮಾರತೊಡಗಿದ. ಮನೆಯೊಳಗೇ ಬೆಕ್ಕು ಇಟ್ಟುಕೊಳ್ಳುವುದು ಸುಲಭವಾಗಿ ಹಬ್ಬಿದ್ದು ಅಲ್ಲಿಂದಾಚೆಗೆ. ಉಂಡೆ ಕಟ್ಟುವ ಬೆಂಟೊನೈಟ್ ಲಿಟರ್ ಬಂದದ್ದು 1980ರ ದಶಕದಲ್ಲಿ.

ಆ ಬೆಂಟೊನೈಟ್ ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾಡಮೇರ್ ಕಡೆ. ಅದೇ ಮರಳುಸೀಮೆಯಲ್ಲಿ ಕೆಂಚನ ದಾಯಾದಿ, ಮೈಮೇಲೆ ಕಪ್ಪು ಚುಕ್ಕೆಗಳ ಮರುಭೂಮಿ ಕಾಡುಬೆಕ್ಕು ಓಡಾಡುತ್ತದೆ. ಮನೆಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಅಂಥದೇ ಒಣಸೀಮೆಯ ಕಾಡುಬೆಕ್ಕಿನ ಸಂತತಿ ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ನೀರು ಕಡಿಮೆಯಿರುವ ಕಡೆ ಬದುಕಿದ ಪ್ರಾಣಿ, ಅದಕ್ಕೇ ಉಚ್ಚೆ ಅಷ್ಟು ಗಾಢ, ಅಷ್ಟು ಘಾಟು. ಸಡಿಲ ಪುಡಿ ಕಂಡರೆ ಅದರ ಕಾಲು ಸುಮ್ಮನಿರುವುದಿಲ್ಲ.

ಟ್ರೇ ಎಲ್ಲಿಡಬೇಕು ಅನ್ನುವುದಕ್ಕೂ ಕೆಂಚನೇ ಉತ್ತರ ಹೇಳಿದ. ವಾಷಿಂಗ್ ಮೆಷಿನ್ ಪಕ್ಕದ ಟ್ರೇಯನ್ನು ಅವನು ಬಟ್ಟೆ ಒಗೆಯುವ ದಿನ ಮುಟ್ಟುತ್ತಿರಲಿಲ್ಲ, ಹಿಂಡುವಾಗಿನ ನಡುಕ ಅವನಿಗಾಗದು. ಬಾಲ್ಕನಿಯದು ಮಾರ್ಗಶಿರದಲ್ಲಿ ಬೇಡ. ಹೊಸೂರಿನ ಬೆಳಗಿನ ಚಳಿ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಒಂದು ಬೆಕ್ಕಿಗೆ ಎರಡು ಟ್ರೇ, ಎರಡಕ್ಕೆ ಮೂರು ಎಂದು ಬೆಕ್ಕು ಬಲ್ಲವರು ಹೇಳುವ ಲೆಕ್ಕ ಸರಿಯಾದದ್ದು. ಈಗ ಒಂದು ಪ್ಯಾಸೇಜಿನಲ್ಲಿ, ಒಂದು ಮಲಗುವ ಕೋಣೆಯ ಮೂಲೆಯಲ್ಲಿ. ಎರಡಕ್ಕೂ ಮುಚ್ಚಳವಿಲ್ಲ, ಎರಡರಿಂದಲೂ ಬಾಗಿಲು ಕಾಣುತ್ತದೆ. ಕೂತಾಗ ಯಾರು ಬರುತ್ತಾರೆಂದು ಕಾಣಬೇಕು ಅವನಿಗೆ.

ಮರಿಯಾಗಿದ್ದಾಗ ಕೆಂಚ ಒದ್ದೆ ಮಾಡಿದ್ದ ಗೋಣಿಯ ಕೆಳಗಿನ ನೆಲವನ್ನು ಒರೆಸುವ ವಿಷಯದಲ್ಲಿ ನಾನು ಬಲು ಖಡಾಖಂಡಿತ. ನಮ್ಮ ಮನೆಗಳಲ್ಲಿ ಯಾವ ವಾಸನೆಗೂ ಫಿನಾಯಿಲ್ ಒಂದೇ ಮದ್ದು. ಬೆಕ್ಕಿರುವ ಮನೆಗೆ ಅದು ಸಲ್ಲದು. ಫಿನಾಲಿನ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ನೆಲದ ಮೇಲೆ ನಡೆದು ಪಂಜ ನೆಕ್ಕಿಕೊಂಡರೆ ಸಾಕು, ವಿಷ ಒಳಗೆ ಹೋಯಿತು. ಮನುಷ್ಯರ ಜ್ವರದ ಪ್ಯಾರಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕವಾಗುವುದೂ ಇದೇ ಕಾರಣಕ್ಕೆ. ಅಮೋನಿಯಾ ಇರುವ ದ್ರವದಲ್ಲಿ ಒರೆಸಿದರೆ ಬೆಕ್ಕಿಗೆ ಅಲ್ಲಿ ಉಚ್ಚೆಯ ವಾಸನೆಯೇ ಬಂದು ಮತ್ತೆ ಅಲ್ಲಿಗೇ ಹೋಗುತ್ತದೆ. ಎಂಜೈಮ್ ಇರುವ ಕ್ಲೀನರ್ ಹಾಕಿ ನೆನೆಯಲು ಬಿಡಬೇಕು. ಉಚ್ಚೆಯ ಯೂರಿಕ್ ಆಮ್ಲ ಬರೀ ನೀರಿಗೆ ಹೋಗುವುದಿಲ್ಲ. ಟ್ರೇಯನ್ನು ಬಿಸಿನೀರು, ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು ಬಿಸಿಲಿಗೆ ಕವುಚಿ ಹಾಕುತ್ತೇನೆ. ದಿನಾ ಸೋಸುವುದಕ್ಕೆ ಇನ್ನೊಂದು ಕಾರಣವಿದೆ: ಬೆಕ್ಕಿನ ಕಕ್ಕದಲ್ಲಿ ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇದ್ದರೆ ಅದು ಸೋಂಕು ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಅಷ್ಟರೊಳಗೆ ತೆಗೆದುಬಿಟ್ಟರೆ ಆಯಿತು. ಮನೆಯಲ್ಲಿ ಬಸುರಿ ಇದ್ದರೆ ಸೌಟು ಬೇರೆಯವರ ಕೈಯಲ್ಲಿರಬೇಕು, ಮತ್ತು ಈ ಪುಡಿಯನ್ನು ಸೊಪ್ಪಿನ ಮಡಿಗೆ ಎಂದೂ ಹಾಕಬಾರದು.

ಲಿಟರ್ ಹದಕ್ಕೆ ಬಂದ ಮೇಲೆ ದೀಪಾವಳಿ ಬಂತು. ಪಟಾಕಿಯ ಮೂರು ರಾತ್ರಿ ಕೆಂಚ ಮಂಚದ ಕೆಳಗಿದ್ದ. ಮಾರನೆಯ ಬೆಳಗ್ಗೆ ಟ್ರೇಯಲ್ಲಿ ದಪ್ಪ ಉಂಡೆಗಳ ಬದಲು ಗೋಲಿ ಗಾತ್ರದವು, ಅಲ್ಲೊಂದು ಇಲ್ಲೊಂದು. ಸ್ನಾನದ ಮನೆಯ ತಂಪು ನೆಲದ ಮೇಲೆ ಎರಡು ಹನಿ. ಸೌಟು ಕೆಳಗಿಟ್ಟು ಅವನನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಟೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಪದೇ ಪದೇ ಕೂತು ಹನಿ ಮಾತ್ರ ಬಂದರೆ, ಅಥವಾ ಏನೂ ಬಾರದಿದ್ದರೆ, ನಾಳೆ ನೋಡೋಣ ಅನ್ನುವಂತಿಲ್ಲ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ನಮ್ಮದು ಹಸುಗಳ ಊರು. ಮತ್ತಿಗಿರಿಯ ಜಾನುವಾರು ಫಾರಂ ಕುಂಪಣಿ ಕಾಲದ್ದು. ಪಶುವೈದ್ಯರ ಬಾಗಿಲಲ್ಲಿ ಹಸು, ಎಮ್ಮೆ, ಕುರಿಗಳ ನಡುವೆ ಬುಟ್ಟಿ ಹಿಡಿದು ನಿಂತೆ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ಚೀಲ ಖಾಲಿ ಇದೆ, ಕಟ್ಟಿಲ್ಲ" ಅಂದರು. ಆಮೇಲೆ ಕೇಳಿದ್ದೆಲ್ಲ ಟ್ರೇಯದೇ ಪ್ರಶ್ನೆಗಳು: ದಿನಕ್ಕೆ ಎಷ್ಟು ಉಂಡೆ, ಯಾವಾಗಿನಿಂದ ಸಣ್ಣದಾದವು, ಬಣ್ಣ ಏನು. ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿತ್ತು.

ಸೋಂಕಿಲ್ಲದೆಯೂ ಬರೀ ಹೆದರಿಕೆಗೆ, ತಳಮಳಕ್ಕೆ ಬೆಕ್ಕಿನ ಮೂತ್ರಕೋಶ ಊದಿಕೊಳ್ಳುತ್ತದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪಶುವೈದ್ಯ ಟೋನಿ ಬಫಿಂಗ್ಟನ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಔಷಧಿಯಷ್ಟೇ ಮುಖ್ಯ ಅಡಗಿಕೊಳ್ಳಲು ಜಾಗ, ಹೊತ್ತಿಗೆ ಸರಿಯಾದ ಊಟ, ಆಟ, ಬೇಕಾದಷ್ಟು ನೀರು ಅನ್ನುವುದು ಆ ಕೆಲಸದ ತಿರುಳು. ನೋವಿಗೆ ಔಷಧಿ ಕೊಟ್ಟ ಡಾಕ್ಟರಮ್ಮ ಹೇಳಿದ್ದೂ ಅದನ್ನೇ. ಮೀನಿನ ತಿಳಿಸಾರು, ಉಪ್ಪು ಈರುಳ್ಳಿ ಇಲ್ಲದೆ ಬರೀ ಬೇಯಿಸಿದ ನೀರು, ಊಟಕ್ಕೆ ಬೆರೆಸಿದೆ. ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆ ಇಟ್ಟೆ. ಉಂಡೆಗಳು ದಿನೇ ದಿನೇ ದಪ್ಪವಾಗುತ್ತಾ ಬಂದವು. ಇದಾದ ಮೇಲೆ, ಆರು ತಿಂಗಳು ತುಂಬುವ ಹೊತ್ತಿಗೆ, ಸಂತಾನಹರಣದ ಆಪರೇಷನ್ನೂ ಆಯಿತು. ಗೋಡೆಗೆ ಬೆನ್ನು ಮಾಡಿ, ಬಾಲ ನಡುಗಿಸಿ ಚಿಮ್ಮಿಸುವ ಗಂಡು ಬೆಕ್ಕಿನ ಚಟ ಅವನಿಗೆ ಹತ್ತಲೇ ಇಲ್ಲ.

ಬೀದಿಯಲ್ಲಿ ಈ ವಿಷಯಕ್ಕೆ ಈಗ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಮೊನ್ನೆ ಕೆಳಮನೆಯ ಹುಡುಗಿ ಬಂದು, "ಅಕ್ಕಾ, ನಮ್ ಮರಿ ಟ್ರೇ ಬಿಟ್ಟು ಎಲ್ಲಾ ಕಡೆ ಉಚ್ಚೆ ಉಯ್ತದೆ. ಅತ್ತೆ ಬಯ್ತವ್ರೆ" ಅಂದಳು. ಯಾವ ಲಿಟರ್, ಯಾವ ಕಂಪನಿ ಅಂತ ನಾನು ಕೇಳಲಿಲ್ಲ. ಮರಿ ಎಲ್ಲಿ ಹುಟ್ಟಿದ್ದು ಅಂದೆ. ಬೇರಿಗೆ ರಸ್ತೆಯ ಸಾಮಿಲ್ ಹಿಂದೆ ಅಂದಳು. ಹಾಗಾದರೆ ಅಲ್ಲಿಂದಲೇ ಒಂದು ಚೀಲ ಮರದ ಹೊಟ್ಟು ತಾ, ಎಣ್ಣೆ ಬಣ್ಣ ಸೋಕದ್ದು ನೋಡಿ ತಾ, ನಯವಾದ ಧೂಳೆಲ್ಲ ಜರಡಿಯಲ್ಲಿ ಇಳಿಸಿ ತರಿಯನ್ನು ಮಾತ್ರ ಹಾಸು, ಧೂಳು ಮರಿಯ ಮೂಗಿಗೆ ಒಳ್ಳೆಯದಲ್ಲ ಅಂದೆ. ಜರಡಿ ಇಲ್ಲವಂತೆ. ರಾಗಿಹಿಟ್ಟಿಗೆಂದು ಇಟ್ಟಿದ್ದ ಹಳೆಯದೊಂದನ್ನು ಅಮ್ಮನೇ ಒಳಗಿನಿಂದ ತಂದು ಅವಳ ಕೈಗೆ ಕೊಟ್ಟರು.