ಡೋಂಗ್ರಿಯ ಕಲ್ಲುಗೋಡೆ

ಮುಂಬಯಿಗೆ ಬಂದ ನೆಂಟರಿಗೆ ನಾವು ಗೇಟ್‌ವೇ ತೋರಿಸುತ್ತೇವೆ, ಚೌಪಾಟಿ ತೋರಿಸುತ್ತೇವೆ, ಡೋಂಗ್ರಿಯನ್ನು ತೋರಿಸುವವರಿಲ್ಲ. ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದಲ್ಲಿ ಇಳಿದು, ಕೈಗಾಡಿಗಳ ಸಂದಣಿ ದಾಟಿ ಉಮರ್‌ಖಾಡಿಯತ್ತ ನಡೆದರೆ ಎತ್ತರದ ಗೋಡೆಯೊಂದು ಎದುರಾಗುತ್ತದೆ. ಹಿಂದೆ ಇದು ಸೆರೆಮನೆ. 1882ರಲ್ಲಿ ತಿಲಕರೂ ಅಗರಕರರೂ ಇಲ್ಲಿ 101 ದಿನ ಕಳೆದರು. 1924ರಲ್ಲಿ ಮುಂಬಯಿ ಪ್ರಾಂತಕ್ಕೆ ಮಕ್ಕಳ ಕಾಯಿದೆ ಬಂದ ಮೇಲೆ, ಈ ಸೆರೆಮನೆಯೇ ಮಕ್ಕಳ ರಿಮ್ಯಾಂಡ್ ಹೋಮ್ ಆಯಿತು. ಗೋಡೆ ಉಳಿಯಿತು, ಉದ್ದೇಶ ಬದಲಾಯಿತು.

ನಾವು ಹೊರಗಿನಿಂದಲೇ ನೋಡಿ ಬಂದೆವು. ಒಳಗಿನ ಮಕ್ಕಳ ಗುರುತು ಬಯಲಾಗಕೂಡದೆಂದು ಕಾನೂನಿದೆ, ಅದು ಯೋಗ್ಯವೇ.

ಆದರೆ ತಪ್ಪು ಘೋರವಾದಾಗ? 2000ದ ಕಾಯಿದೆಯಂತೆ 18 ತುಂಬದವನಿಗೆ ಹೆಚ್ಚೆಂದರೆ ಮೂರು ವರ್ಷದ ಗೃಹವಾಸ. 2012ರ ಡಿಸೆಂಬರಿನಲ್ಲಿ ದಿಲ್ಲಿಯ ಬಸ್ಸಿನಲ್ಲಿ ನಡೆದ ಪೈಶಾಚಿಕ ಕೃತ್ಯದಲ್ಲಿ ಒಬ್ಬನಿಗೆ 18 ತುಂಬಲು ಕೆಲವೇ ತಿಂಗಳು ಬಾಕಿಯಿತ್ತು. ದೇಶ ಕುದಿಯಿತು. 2016ರ ಜನವರಿ 15ರಿಂದ ಹೊಸ ಕಾಯಿದೆ ಜಾರಿಯಾಯಿತು. 16 ದಾಟಿದವನ ಮೇಲೆ, ಕನಿಷ್ಠ ಏಳು ವರ್ಷ ಶಿಕ್ಷೆಯುಳ್ಳ ಅಪರಾಧದ ಆರೋಪ ಬಂದರೆ, ಬಾಲ ನ್ಯಾಯ ಮಂಡಳಿಯು ಅವನ ಬುದ್ಧಿ, ದೇಹಶಕ್ತಿ, ಪರಿಣಾಮದ ಅರಿವು, ಅಂದಿನ ಸಂದರ್ಭ ಇವನ್ನು ತೂಗಿ ನೋಡಬೇಕು. ಬೇಕೆನಿಸಿದರೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿ ದೊಡ್ಡವರಂತೆಯೇ ವಿಚಾರಣೆ ನಡೆಯಬಹುದು. ಆದರೂ ಮರಣದಂಡನೆಯಿಲ್ಲ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯೂ ಇಲ್ಲ. 21 ತುಂಬುವವರೆಗೆ ಜೈಲಿಗೂ ಹಾಕುವಂತಿಲ್ಲ.

ನೊಂದವರ ಮನೆಯ ದುಃಖಕ್ಕೆ ಅಪರಾಧಿಯ ವಯಸ್ಸು ಸಮಾಧಾನವಾಗದು. ಆ ಮಾತನ್ನು ತಳ್ಳಿಹಾಕುವವರು ನಾವಲ್ಲ. ಆದರೆ ಸರ್ಕಾರಿ ಕಚೇರಿಯಲ್ಲಿ ಕಡತ ಹೊರುವ ನಮಗೆ, ಮೂಲೆಯಲ್ಲಿ ಬರೆದ ಒಂದು ಸಾಲಿನ ಷರಾ ಮನುಷ್ಯನ ಬಾಳನ್ನು ಎಷ್ಟು ದೂರ ಒಯ್ಯುತ್ತದೆಂಬುದು ಗೊತ್ತು. ಅಪರಾಧದ ಗಳಿಗೆಯಲ್ಲಿ ಹುಡುಗನ ಮನಸ್ಸು ಎಷ್ಟು ಬಲಿತಿತ್ತೆಂದು ತಿಂಗಳುಗಳ ಮೇಲೆ ಅಳೆಯಲು ಯಾವ ಸೇರು, ಯಾವ ಪಾವು? ಇದು ಸೂಕ್ಷ್ಮ ಕೆಲಸ, ಮನಶ್ಶಾಸ್ತ್ರ ಬಲ್ಲವರ ನೆರವು ಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿತು.

ಹೊಸ ಕಾಯಿದೆಯಲ್ಲಿ ನಮಗೆ ಹಿಡಿಸಿದ್ದು ಇನ್ನೊಂದು ಬಾಗಿಲು. 21 ತುಂಬಿದಾಗ, ಶಿಕ್ಷೆ ಇನ್ನೂ ಉಳಿದಿದ್ದರೆ, ಅವನು ತಿದ್ದಿಕೊಂಡಿದ್ದಾನೆಯೇ ಎಂದು ನ್ಯಾಯಾಲಯ ಪರಿಶೀಲಿಸಬೇಕು. ತಿದ್ದಿಕೊಂಡಿದ್ದರೆ ನಿಗಾ ಇಟ್ಟು ಬಿಡಬಹುದು, ಇಲ್ಲವಾದರೆ ಜೈಲು. ಈ ಬಾಗಿಲಿಗೆ ಅರ್ಥ ಬರಬೇಕಾದರೆ ಅಷ್ಟು ವರ್ಷ ಅವನಿಗೆ ಓದು, ಕಸಬು ಕಲಿಸಿದವರೂ ಕೂರಿಸಿ ಬುದ್ಧಿ ಹೇಳಿದವರೂ ಇರಬೇಕು. ಕಲಿಸದೆ ಪರೀಕ್ಷೆ ಇಡುವ ಮೇಷ್ಟರನ್ನು ಯಾರೂ ಮೆಚ್ಚರು.