ಬಿಸಿಲಿಗೆ ತೆರೆಯುವ ಬಿರುಕು

ಕಳೆದ ಬೇಸಿಗೆಯಲ್ಲಿ ಅಸ್ವಸ್ಥರಾದ ತಾಯಿಯವರನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯುವಾಗ ನಮ್ಮ ಹಳೆಯ ಕಾರು ನಡುದಾರಿಯಲ್ಲಿ ನಿಂತಿತು. ಬೇವಿನ ನೆರಳಿನಲ್ಲಿ ಅವರು ನರಳುತ್ತ ಕುಳಿತ ಅರ್ಧ ಗಂಟೆ ನಮಗೆ ಯುಗವಾಯಿತು. ಬಳಿಕ ಕಾರು ತಾನಾಗಿಯೇ ಚಾಲೂ ಆಯಿತು.

ತಾಯಿಯವರು ಗುಣಮುಖರಾದ ಮೇಲೆ, ಒಂದು ಮುಂಜಾನೆ ಕಾರನ್ನು ಗ್ಯಾರೇಜಿಗೆ ಒಯ್ದೆವು. ಅಲ್ಲಿ ದೋಷವೇ ಕಾಣಲಿಲ್ಲ. ನಮ್ಮ ಮಾತನ್ನೇ ಸಂಶಯಿಸಿದರು. ವೃದ್ಧ ಮೇಸ್ತ್ರಿಯೊಬ್ಬರು ಮಾತ್ರ, "ಯಾವಾಗ ನಿಲ್ಲುತ್ತದೆ?" ಎಂದು ಕೇಳಿದರು. "ಬಿಸಿಲಿನಲ್ಲಿ" ಎಂದೆವು. ಅವರು ಇಂಜಿನ್ ಚಾಲೂ ಇಟ್ಟು, ಪೆಟ್ರೋಲ್ ಪಂಪಿನ ರಿಲೇಗೆ ಹೇರ್ ಡ್ರೈಯರಿನಿಂದ ಬಿಸಿಗಾಳಿ ಹಾಯಿಸಿದರು. ಇಂಜಿನ್ ನಿಂತಿತು! ಒಳಗಿನ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು. ಕಾದಾಗ ತೆರೆಯುತ್ತಿತ್ತು, ತಣಿದಾಗ ಕೂಡುತ್ತಿತ್ತು. ಹೊಸ ರಿಲೇ ಹಾಕಿದರು.

ದೋಷವನ್ನು ಅದು ತೋರುವ ಸ್ಥಿತಿಯಲ್ಲಿಯೇ ಪರೀಕ್ಷಿಸಬೇಕು. ತಂಪಿನಲ್ಲಿ ಕಾಣಲಿಲ್ಲವೆಂದು ನೊಂದವರ ಮಾತನ್ನು ಅಲ್ಲಗಳೆಯಬಾರದೆಂದು ನಾವು ಅಂದು ಅರಿತೆವು.