ಬರಲಿರುವ ರಸ್ತೆ

ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ ಮೊದಲ ಅಧಿಸೂಚನೆ ಹೊರಟದ್ದು 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. ನಮ್ಮ ಅಕ್ಕ-ಭಾವನವರ ತೋಟವೂ ಆ ಗುರುತಿನೊಳಗೆ ಸೇರಿತು. ಪರಿಹಾರದ ಸುದ್ದಿಯಿಲ್ಲ, ಮಾರೋಣವೆಂದರೆ ಕೊಳ್ಳುವವರಿಲ್ಲ. ವರ್ಷಗಟ್ಟಲೆ ಒಂದು ತೆಂಗಿನ ಸಸಿ ನೆಡಲೂ ಭಾವನವರಿಗೆ ಮನಸ್ಸಾಗಲಿಲ್ಲ.

ಹಾಗೆಂದು ಮುಂದಿನ ರಸ್ತೆಗೆ ಜಾಗ ಕಾಯ್ದಿಡುವುದೇ ತಪ್ಪೆನ್ನಲಾರೆ. ನಕ್ಷೆಯಲ್ಲಿದ್ದ ರಸ್ತೆಯ ಮೇಲೆ ಚಾಳುಗಳೆದ್ದರೆ ಏನಾಗುತ್ತದೆಂದು ಮುಂಬಯಿಯ ನಮಗೆ ಯಾರೂ ಹೇಳಬೇಕಿಲ್ಲ. ಆದರೆ ಕಾಯಿಸುವುದಕ್ಕೂ ಒಂದು ಗಡುವು ಬೇಡವೇ? ಮಹಾರಾಷ್ಟ್ರದ 1966ರ ನಗರ ಯೋಜನಾ ಕಾಯ್ದೆಯ 127ನೇ ಕಲಮಿನ ಪ್ರಕಾರ, ಮೀಸಲಿಟ್ಟ ಜಾಗವನ್ನು 10 ವರ್ಷಗಳಲ್ಲಿ ವಶಪಡಿಸಿಕೊಳ್ಳದಿದ್ದರೆ ಮಾಲೀಕ ನೋಟೀಸು ಕೊಡಬಹುದು. ಮುಂದಿನ 24 ತಿಂಗಳಲ್ಲೂ ಕ್ರಮ ಜರುಗದಿದ್ದರೆ ಮೀಸಲು ರದ್ದು.

ಅಕ್ಕನಿಗೆ ಇದನ್ನು ಹೇಳಿದೆ. “ಹಾಗಾದ್ರೆ ತೋಟಾನೂ ಮುಂಬಯಿಗೇ ತಗೊಂಡು ಹೋಗೋ” ಎಂದಳು.